ಟಾರು ರಸ್ತೆಗೆ ನಾಲ್ಕು, ಕೆಸರಿಗೆ ಎರಡು

ನಮ್ಮ ಭಾವನ ಗಾಡಿ ಬೀದಿಯ ತುದಿಯಲ್ಲಿ ಎಡಕ್ಕೆ ತಿರುಗುವಾಗ ಮೂರು ಸಲ ಜಿಗಿಯುತ್ತಿತ್ತು. ಮೊದಲನೆಯ ಜಿಗಿತಕ್ಕೆ ಚಕ್ರಗಳು ಕಿರ್ರೆಂದು ಕೂಗುತ್ತಿದ್ದವು. ಎರಡನೆಯದಕ್ಕೆ ಸ್ಟೇರಿಂಗು ಭಾವನ ಕೈಯಿಂದ ಬಿಡಿಸಿಕೊಳ್ಳಲು ನೋಡುತ್ತಿತ್ತು. ಮೂರನೆಯದಕ್ಕೆ ಪಕ್ಕದಲ್ಲಿ ಕೂತ ನನ್ನ ತಲೆ ಮೇಲಿನ ತಗಡಿಗೆ ಬಡಿಯುತ್ತಿತ್ತು. ಇಷ್ಟೆಲ್ಲ ಆದ ಮೇಲೆ ಗಾಡಿ ಏನೂ ನಡೆದೇ ಇಲ್ಲವೆಂಬಂತೆ ಬಂದು ಮನೆಯ ಮುಂದೆ ನಿಲ್ಲುತ್ತಿತ್ತು. ಬೀದಿಯವರು ಕಾಂಪೌಂಡಿನ ಮೇಲೆ ಮೊಣಕೈ ಊರಿಕೊಂಡು ದಿನಾ ಸಂಜೆ ಐದೂವರೆಗೆ ಇದನ್ನು ನೋಡುತ್ತಿದ್ದರು.

"ಶಕ್ತಿ ಅಂದ್ರೆ ಇದು ನೋಡಿ!" ಎಂದು ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. "ನನ್ನ ಕಾರು ತಿರುಗಿಸಿದ ಕಡೆ ತಿರುಗುತ್ತೆ, ಪಾಪದ್ದು. ಇದು ತಿರುಗಲ್ಲ ಅಂತ ಹಟ ಹಿಡಿಯುತ್ತೆ. ಒಳಗೆ ಅಷ್ಟು ಬಲ ಇದ್ರೆ ತಾನೇ ಹಟ?"

ಭಾವ ಗಾಡಿಯಿಂದ ಇಳಿದು, ಬಾಗಿಲನ್ನು ಅಗತ್ಯಕ್ಕಿಂತ ಜೋರಾಗಿ ಹಾಕಿ, "ನಾಲ್ಕು ಚಕ್ರಕ್ಕೂ ಬಲ ಹೋಗ್ತಿದೆ ಮಾಸ್ತರೇ. ತಡ್ಕೊಳ್ಳೋಕೆ ರಸ್ತೆಗೇ ಆಗ್ತಿಲ್ಲ" ಎನ್ನುತ್ತಿದ್ದರು. ರಸ್ತೆಯ ಮೇಲೆ ಅವರಿಗೆ ನಿಜವಾಗಿಯೂ ಮರುಕವಿತ್ತು.

ನಮ್ಮ ಭಾವ ಎಂದರೆ ನನ್ನ ಅಕ್ಕನ ಗಂಡ. ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಹೆಡ್ ಕ್ಲರ್ಕು. ನಾನು ಅದೇ ಕಚೇರಿಯಲ್ಲಿ ಅವರ ಕೈಕೆಳಗಿನ ಗುಮಾಸ್ತ, ಮನೆಯಲ್ಲಿ ಅವರ ಪಕ್ಕದ ಕೋಣೆಯವನು. ಹೀಗಾಗಿ ಅವರ ಮಹಿಮೆಯನ್ನು ಹಗಲೂ ಸಂಜೆಯೂ ಕಾಣುವ ಭಾಗ್ಯ ನನಗೊಬ್ಬನಿಗೇ. ಇಪ್ಪತ್ತೆರಡು ವರ್ಷ ಫೈಲು ಬಿಟ್ಟು ಬೇರೇನನ್ನೂ ನಡೆಸದಿದ್ದ ಮನುಷ್ಯ ಮೂರು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ಒಂದು ಹಳೆಯ, ಎತ್ತರದ, ನಾಲ್ಕೂ ಚಕ್ರ ಎಳೆಯುವ ಗಾಡಿ ತಂದು ಹೊಸ ಟೈರು ಹಾಕಿಸಿದರು. ಅದರಲ್ಲಿ ಗೇರಿನ ಪಕ್ಕ ಇನ್ನೊಂದು ಗಿಡ್ಡ ಹಿಡಿ ಇತ್ತು. ಅದಕ್ಕೆ ಮೂರು ಜಾಗ: ಎರಡು ಚಕ್ರ, ನಾಲ್ಕು ಚಕ್ರ, ನಾಲ್ಕು ಚಕ್ರದ ಲೋ. ಡ್ಯಾಶ್‌ಬೋರ್ಡಿನ ಮೇಲೆ ಲಾಕರ್ ಎಂಬ ಒಂದು ಹಳದಿ ಗುಂಡಿಯೂ ಇತ್ತು.

ಗಾಡಿಯ ಜೊತೆ ದಪ್ಪನೆಯ ಪುಸ್ತಕವೊಂದು ಬಂದಿತ್ತು. ಅದು ನಮ್ಮ ಬೀದಿಯಲ್ಲಿ ಯಾರೂ ಓದಲಾರದ ಭಾಷೆಯಲ್ಲಿತ್ತು. ಭಾವ ಧೃತಿಗೆಡಲಿಲ್ಲ. ಒಂದು ಭಾನುವಾರವಿಡೀ ಚಿತ್ರಗಳನ್ನಷ್ಟೇ ನೋಡಿ, ಸಂಜೆಯ ಹೊತ್ತಿಗೆ ತಮ್ಮದೇ ಶಾಸ್ತ್ರವೊಂದನ್ನು ಸಿದ್ಧಪಡಿಸಿದರು.

"ನೋಡು," ಎಂದು ನನ್ನನ್ನು ಕೂರಿಸಿಕೊಂಡು ಹೇಳಿದರು, "ಮದುವೆ ಮನೆಗೆ ಹೋಗುವಾಗ ಯಾವ ಚಪ್ಪಲಿ ಹಾಕ್ಕೋತೀಯ?"

"ಹೊಸದು ಭಾವ."

"ಕೆಸರಿಗೆ ಇಳಿಯುವಾಗ?"

"ಹಳೇದು."

"ಅಷ್ಟೇ ಕಣೋ. ಒಳ್ಳೇ ರಸ್ತೆಗೆ ನಾಲ್ಕು ಚಕ್ರ, ಕೆಟ್ಟ ರಸ್ತೆಗೆ ಎರಡು. ಇರೋ ನಾಲ್ಕನ್ನೂ ಕೆಸರಲ್ಲಿ ಹಾಳು ಮಾಡ್ಕೊಳ್ಳೋಕೆ ನಾವೇನು ದಡ್ಡರಾ? ಲಾಕರ್ ಅಂತೂ ಮುಟ್ಟೋದೇ ಬೇಡ. ಸವೆದು ಹೋಗುತ್ತೆ."

ನನಗೆ ಈ ವಾದದಲ್ಲಿ ಒಂದು ಬಿರುಕೂ ಕಾಣಲಿಲ್ಲ. ಹೊಸ ಸೋಫಾದ ಮೇಲಿನ ಪ್ಲಾಸ್ಟಿಕ್ಕನ್ನು ಆರು ವರ್ಷವಾದರೂ ತೆಗೆಯದ ಮನೆಯವರು ನಾವು. ಗುಂಡಿಯ ಮೇಲೆ ಧೂಳು ಕೂರದಿರಲೆಂದು ಅಕ್ಕ ಅದಕ್ಕೊಂದು ಬಟ್ಟೆಯ ಟೋಪಿಯನ್ನೂ ಹೊಲಿದು ಕೊಟ್ಟಳು. ಕೊಡುವಾಗ ಮಾತ್ರ, "ಈ ಗಾಡಿ ಬಂದಾಗಿಂದ ನನ್ನ ಕುತ್ತಿಗೆ ಒಂದೇ ಕಡೆ ತಿರುಗ್ತಿದೆ ಕಣ್ರೀ. ಅದಕ್ಕೂ ಒಂದು ಗುಂಡಿ ಇದ್ರೆ ನೋಡಿ" ಎಂದಳು.

ಭಾವನ ಕೀರ್ತಿ ಬೀದಿ ದಾಟಿದ್ದು ಟೈರ್ ಅಂಗಡಿಯವನಿಂದ. ಗಾಳಿ ಹಾಕಿಸಲು ಹೋದಾಗ ಅವನು ಟೈರಿನ ಮೇಲೆ ಅಂಗೈ ಆಡಿಸಿ, ಹಿಂದೆ ಸರಿದು, ಮತ್ತೆ ಬಂದು ಆಡಿಸಿದ.

"ಸಾರ್, ಇದು ಮೂರು ತಿಂಗಳ ಟೈರಾ? ಮೂರು ವರ್ಷದ್ದು ಸವೆದಂಗೆ ಸವೆದಿದೆಯಲ್ಲ! ಎಲ್ಲೆಲ್ಲಿ ಓಡಿಸಿದ್ರಿ ಇದನ್ನ?"

ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ. ನಡುವೆ ಸಿಗುವ ಅತಿ ದೊಡ್ಡ ಏರು ಎಂದರೆ ಬ್ಯಾಂಕಿನ ಮುಂದಿನ ಹಂಪು. ಆದರೆ ಭಾವ ಹಾಗೆನ್ನಲಿಲ್ಲ. ಸುಳ್ಳನ್ನೂ ಹೇಳಲಿಲ್ಲ. ಬೆಟ್ಟಗಳಿದ್ದ ಕಡೆಗೆ ಒಮ್ಮೆ ದೃಷ್ಟಿ ಹಾಯಿಸಿ, "ಓಡಿಸಿದೀನಪ್ಪ" ಎಂದರು, ಅಷ್ಟೇ.

ಅಷ್ಟು ಸಾಕಾಯಿತು. ಬುಧವಾರದ ಹೊತ್ತಿಗೆ ಭಾವ ಒಂದು ಬೆಟ್ಟ ಹತ್ತಿದ್ದರು. ಶುಕ್ರವಾರ ಬೆಟ್ಟ ಮೂರಾದವು, ನಡುವೆ ಒಂದು ಹೊಳೆಯೂ ಸೇರಿಕೊಂಡಿತು. ಸೋಮವಾರ ಕಚೇರಿಯ ಜವಾನ ಟೀ ಇಟ್ಟು, "ಹೊಳೆ ಮಧ್ಯೆ ಎಂಜಿನ್ ಆಫ್ ಆಗಿದ್ದು ನಿಜವಾ ಸಾರ್?" ಎಂದು ಪಿಸುಗುಟ್ಟಿದ. ಭಾವ ಟೀ ಕುಡಿಯುತ್ತ ಕಣ್ಣು ಮುಚ್ಚಿಕೊಂಡರು. ಆ ದಿನದಿಂದ ಕಚೇರಿಯಲ್ಲಿ ಅವರು ಫೋರ್‌ವೀಲ್ ಸಾಹೇಬರಾದರು.

ಹೀಗಿರುವಾಗ ಪರೀಕ್ಷೆ ಬಂತು.

ಆ ದಿನ ಬೆಳಿಗ್ಗೆ ಏಳಕ್ಕೆ ನಾವೆಲ್ಲ ಕಚೇರಿಯಲ್ಲಿದ್ದೆವು. ಪ್ರಶ್ನೆಪತ್ರಿಕೆಯ ಸೀಲು ಹಾಕಿದ ಪ್ಯಾಕೆಟ್ಟುಗಳು ಒಂದೊಂದೇ ಶಾಲೆಗೆ ಹೊರಡುತ್ತಿದ್ದವು. ಬೆಟ್ಟದ ಮೇಲಿನ ಶಾಲೆಯ ಪ್ಯಾಕೆಟ್ಟು ಮಾತ್ರ ಹೋದ ದಾರಿಯಲ್ಲೇ ವಾಪಸು ಬಂತು. ಎರಡು ದಿನದ ಮಳೆಗೆ ಮೇಲಿನ ದಾರಿ ಕೊಚ್ಚಿಹೋಗಿದೆ, ನನ್ನ ವ್ಯಾನು ಹತ್ತುವುದಿಲ್ಲ ಎಂದು ಬಾಡಿಗೆ ಡ್ರೈವರು ಅದನ್ನು ಮೇಜಿನ ಮೇಲಿಟ್ಟು ಹೊರಟೇಹೋದ. ಅಷ್ಟರಲ್ಲಿ ಆ ಶಾಲೆಯ ಹೆಡ್‌ಮೇಡಂ ಫೋನ್ ಮಾಡಿದರು. ಅಧಿಕಾರಿ ಮೇಡಂ ಫೋನನ್ನು ಎಲ್ಲರಿಗೂ ಕೇಳುವಂತೆ ಹಿಡಿದರು.

"ಹನ್ನೊಂದು ಮಕ್ಕಳು ಮೇಡಂ. ಆಗಲೇ ಬಂದು ಬೆಂಚಿನ ಮೇಲೆ ಕೂತಿದಾವೆ. ನಾಲ್ಕು ಮಕ್ಕಳು ಮೂರು ಮೈಲಿ ನಡ್ಕೊಂಡು ಬಂದಿದಾವೆ. ಹತ್ತು ಗಂಟೆಗೆ ಪತ್ರಿಕೆ ಕೊಡದಿದ್ರೆ ಈ ವರ್ಷ ಹೋಯ್ತು ಅಂತಾನೇ. ಏನು ಹೇಳಲಿ ಇವಕ್ಕೆ?"

ಕೋಣೆಯಲ್ಲಿ ಒಂದೊಂದೇ ತಲೆ ಭಾವನ ಕಡೆ ತಿರುಗಿತು. ಅಧಿಕಾರಿ ಮೇಡಂ ಫೋನಿಗೆ ಹೇಳಿದರು: "ಹೆದರಬೇಡಿ. ನಮ್ಮಲ್ಲೇ ಒಬ್ಬರಿದಾರೆ. ಮೂರು ಬೆಟ್ಟ ಹತ್ತಿದವರು."

ಭಾವ ಟೀ ಬಟ್ಟಲನ್ನು ತಟ್ಟೆಯ ಬದಲು ಫೈಲಿನ ಮೇಲೆ ಇಟ್ಟರು. ಆದರೂ ಮನುಷ್ಯ ಎದ್ದು ನಿಂತ. ಪ್ಯಾಕೆಟ್ಟು ತೆಗೆದುಕೊಂಡು ರಿಜಿಸ್ಟರಿನಲ್ಲಿ ಸಹಿ ಮಾಡಿದ. ಇದನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ.

ಕಚೇರಿಯ ಗೇಟಿನಲ್ಲಿ ಆರೋಗ್ಯ ಕೇಂದ್ರದ ನರ್ಸಮ್ಮ ನಿಂತಿದ್ದರು. ಐವತ್ತು ದಾಟಿದ, ಗಿಡ್ಡಗಿನ ಹೆಂಗಸು. ಹೆಗಲಲ್ಲಿ ಲಸಿಕೆಯ ಡಬ್ಬ, ಕೈಯಲ್ಲಿ ಕೊಡೆ. "ಮೇಲಿನ ಊರಿಗಂತಲ್ಲ? ನಾನೂ ಬರ್ತೀನಿ. ನಮ್ಮ ಗಾಡಿ ಗ್ಯಾರೇಜಲ್ಲಿದೆ, ಅಲ್ಲಿ ಮಕ್ಕಳಿಗೆ ಚುಚ್ಚಬೇಕು" ಎಂದವರೇ ಹಿಂದಿನ ಸೀಟಿನಲ್ಲಿ ಕೂತುಬಿಟ್ಟರು. ಭಾವನಿಗೆ ಕೇಳುಗರೊಬ್ಬರು ಸಿಕ್ಕಂತಾಯಿತು. ಕೇಳುಗರು ಸಿಕ್ಕಿದರೆ ಭಾವನ ಭಯ ಅರ್ಧ ಇಳಿಯುತ್ತದೆ.

"ಇದು ಸಾಮಾನ್ಯ ಗಾಡಿಯಲ್ಲ ನರ್ಸಮ್ಮ. ನಾಲ್ಕೂ ಚಕ್ರ ಎಳೆಯುತ್ತೆ."

"ಹೌದಾ?"

"ಈ ಹಿಡಿ ಇದೆಯಲ್ಲ, ಇದನ್ನ ಎಲ್ಲರಿಗೂ ಉಪಯೋಗಿಸೋಕೆ ಬರಲ್ಲ."

"ಹೌದೌದು" ಎಂದರು ನರ್ಸಮ್ಮ. ಅಷ್ಟರಲ್ಲಿ ತಿರುವು ಬಂತು. ಗಾಡಿ ಮೂರು ಸಲ ಜಿಗಿಯಿತು. ನಾನು ಕನ್ನಡಿಯಲ್ಲಿ ನೋಡಿದೆ. ನರ್ಸಮ್ಮನ ಹುಬ್ಬು ಮೇಲೆ ಹೋಗಿತ್ತು. ಅವರು ಬಾಯಿ ತೆರೆದು ಏನೋ ಕೇಳಲು ಹೊರಟವರು, ಭಾವ ಎಂಜಿನ್ನಿನ ಆತ್ಮಬಲದ ಬಗ್ಗೆ ಶುರು ಮಾಡಿದ್ದರಿಂದ ಸುಮ್ಮನಾದರು.

ಎಂಟೂವರೆಗೆ ಟಾರು ಮುಗಿದು ಬೆಟ್ಟದ ದಾರಿ ಸಿಕ್ಕಿತು. ಸಿಕ್ಕಿತು ಎನ್ನುವುದು ದೊಡ್ಡ ಮಾತು. ಕೆಂಪು ಕೆಸರು, ನಡುವೆ ನೀರು ಕೊರೆದ ಕಾಲುವೆಗಳು, ಅವುಗಳ ಮೇಲೆ ಎಮ್ಮೆ ಗಾತ್ರದ ಕಲ್ಲುಗಳು. ಭಾವ ಗಾಡಿ ನಿಲ್ಲಿಸಿ ಗಂಭೀರವಾಗಿ ಗಿಡ್ಡ ಹಿಡಿಯನ್ನು ಎಳೆದರು. ಅದು ಬರಲಿಲ್ಲ. ಎರಡು ಕೈ ಹಾಕಿದರು, ಒಂದು ಕಾಲನ್ನೂ ಕೊಟ್ಟರು. ಕೊನೆಗೆ ಗಾಡಿಯನ್ನು ಕೆಸರಿಗೆ ನಾಲ್ಕು ಮಾರು ಬಿಟ್ಟು ಮತ್ತೆ ಎಳೆದಾಗ ಅದು ಬೆಣ್ಣೆಯ ಹಾಗೆ ಜಾರಿ ಎರಡು ಚಕ್ರದ ಜಾಗಕ್ಕೆ ಬಂತು.

"ನೋಡಿದೆಯಾ?" ಎಂದರು ಭಾವ ನನಗೆ. "ಕೆಸರು ಕಂಡ ತಕ್ಷಣ ಅದೇ ಬಂತು. ಗಾಡಿಗೇ ಗೊತ್ತು, ಇಲ್ಲಿ ಎರಡು ಸಾಕು ಅಂತ."

ನನಗೆ ಮೈ ಜುಮ್ಮೆಂದಿತು. ಗಾಡಿಯ ಬುದ್ಧಿಗೂ ಭಾವನ ಬುದ್ಧಿಗೂ ಇಷ್ಟು ಹೊಂದಾಣಿಕೆ ಇರುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಇನ್ನೂರು ಮಾರು ಚೆನ್ನಾಗಿಯೇ ಹೋದೆವು. ಆಮೇಲೆ ಒಂದು ಕಾಲುವೆ ಓರೆಯಾಗಿ ದಾರಿಯನ್ನು ಕಡಿದುಹಾಕಿತ್ತು. ಭಾವ ಕಣ್ಣು ಕಿರಿದು ಮಾಡಿ ಗಾಡಿಯನ್ನು ಅದರೊಳಗೆ ನುಗ್ಗಿಸಿದರು. ಮುಂದಿನ ಬಲ ಚಕ್ರ ಗುಂಡಿಯಲ್ಲಿ ಕುಸಿಯಿತು, ಹಿಂದಿನ ಎಡ ಚಕ್ರ ಮೇಲೆದ್ದು ಗಾಳಿಯಲ್ಲಿ ನಿಂತಿತು, ಗಾಡಿ ಒಂದು ಕಡೆಗೆ ವಾಲಿ ಸ್ತಬ್ಧವಾಯಿತು. ಭಾವ ಎಕ್ಸಿಲರೇಟರ್ ತುಳಿದರು. ಗಾಳಿಯಲ್ಲಿದ್ದ ಆ ಒಂದು ಚಕ್ರ ಬರ್ರೆಂದು ತಿರುಗಿತು. ಉಳಿದ ಮೂರು ಕದಲದೆ ನೋಡುತ್ತ ನಿಂತವು. ಇನ್ನೂ ತುಳಿದರು. ಒಂದು ಚಕ್ರ ಇನ್ನೂ ಖುಷಿಯಾಗಿ ತಿರುಗಿತು. ಒಂಬತ್ತಾಗಲು ಐದು ನಿಮಿಷವಿತ್ತು.

"ಶಕ್ತಿ ಸಾಲ್ತಿಲ್ಲ. ಲಾಕರ್ ಒತ್ತು!" ಎಂದು ಭಾವ ಕೂಗಿದರು. ನಾನು ಗುಂಡಿಯ ಟೋಪಿ ತೆಗೆಯಲು ಹೋದೆ.

"ಮುಟ್ಟಬೇಡ!"

ಹಿಂದಿನ ಸೀಟಿನಿಂದ ಬಂದ ಆ ದನಿಗೆ ಎಂಜಿನ್ನು ಕೂಡ ಹೆದರಿ ಆಫ್ ಆಯಿತು. ಹೆದರಿದ್ದು ನಿಜವಾಗಿ ಭಾವನ ಕಾಲು. ಅದು ಕ್ಲಚ್ಚಿನಿಂದ ಜಾರಿತ್ತು.

"ಚಕ್ರ ಗಿರಗಿರ ತಿರುಗ್ತಿರೋವಾಗ ಲಾಕರ್ ಹಾಕಿದ್ರೆ ಒಳಗಿನ ಹಲ್ಲು ಮುರಿದು ಹೋಗುತ್ತೆ" ಎಂದರು ನರ್ಸಮ್ಮ. ಮುಂದಕ್ಕೆ ಬಾಗಿ ಗಿಡ್ಡ ಹಿಡಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು. "ಇದು ಯಾಕೆ ಎರಡರಲ್ಲಿದೆ?"

ಭಾವ ಶಾಸ್ತ್ರ ಹೇಳಿದರು. ಮದುವೆ ಮನೆ, ಹೊಸ ಚಪ್ಪಲಿ, ಕೆಸರು, ಹಳೇ ಚಪ್ಪಲಿ. ಹೇಳುತ್ತ ಹೇಳುತ್ತ ಅವರ ದನಿ ಸಣ್ಣಗಾಗುತ್ತ ಬಂತು. ನರ್ಸಮ್ಮ ನಗಲಿಲ್ಲ. ಸಾವಿರಾರು ಮಕ್ಕಳಿಗೆ ಸೂಜಿ ಚುಚ್ಚಿದ ಮುಖ ಅದು, ಯಾವುದಕ್ಕೂ ಅಲುಗುವುದಿಲ್ಲ.

"ಅಂದ್ರೆ ಟಾರಲ್ಲಿ ನಾಲ್ಕು ಹಾಕೇ ಓಡಿಸ್ತಿದ್ರಾ? ಮೂರು ತಿಂಗಳು?"

"ದಿನಾ" ಎಂದೆ ನಾನು, ಹೆಮ್ಮೆಯಿಂದ.

"ಅಯ್ಯೋ ದೇವರೇ, ಅದಕ್ಕೇ ಜಿಗಿಯೋದು. ತಿರುವಲ್ಲಿ ಮುಂದಿನ ಚಕ್ರ ದೂರದ ದಾರಿ ಹೋಗುತ್ತೆ, ಹಿಂದಿನದು ಹತ್ತಿರದ ದಾರಿ. ಎರಡಕ್ಕೂ ಗಂಟು ಹಾಕಿಬಿಟ್ರೆ ಒಂದನ್ನೊಂದು ಜಗ್ಗಾಡುತ್ತೆ. ಕೆಸರಾದ್ರೆ ಚಕ್ರ ಒಂಚೂರು ಜಾರಿ ಸರಿಹೋಗುತ್ತೆ. ಟಾರಲ್ಲಿ ಎಲ್ಲಿ ಜಾರೋದು? ಟೈರು ಸವೀಬೇಕು, ಇಲ್ಲ ಗಾಡಿ ಜಿಗೀಬೇಕು. ಅದು ಶಕ್ತಿಯಲ್ಲ ಸಾರ್, ನೋವು."

ಮೂರು ತಿಂಗಳು ಇಡೀ ಬೀದಿ ಕೈಕಟ್ಟಿ ನಿಂತು ಆ ನೋವನ್ನು ಮೆಚ್ಚಿತ್ತು. ಭಾವ ಸ್ಟೇರಿಂಗನ್ನು ಒಮ್ಮೆ ಮೆಲ್ಲಗೆ ಸವರಿದರು. ಆಮೇಲೆ ಕೈಗಡಿಯಾರ ನೋಡಿ, ಬಾಗಿಲು ತೆರೆದು ಇಳಿದು, "ನರ್ಸಮ್ಮ, ಹನ್ನೊಂದು ಮಕ್ಕಳಿದಾವೆ. ನನಗೆ ಬರಲ್ಲ. ನೀವು ಓಡಿಸ್ತೀರಾ?" ಎಂದರು. ಮಾತು ಪೂರ್ತಿಯಾಗುವ ಮೊದಲೇ ನರ್ಸಮ್ಮ ಕೊಡೆಯನ್ನು ನನ್ನ ಕೈಗೆ ಕೊಟ್ಟಾಗಿತ್ತು.

ಆ ಹೆಂಗಸು ಮೊದಲು ಮಾಡಿದ ಕೆಲಸವೆಂದರೆ ಸ್ಟೇರಿಂಗಿನ ಮುಂದೆ ಕೂರದೇ ಇದ್ದದ್ದು. ದಾರಿಯಲ್ಲಿ ಐವತ್ತು ಮಾರು ನಡೆದು ಹೋಗಿ, ಬರಿಗೈಯಿಂದ ಕಲ್ಲುಗಳನ್ನು ತೋರಿಸಿಕೊಂಡು ತನ್ನಷ್ಟಕ್ಕೆ ಏನೋ ಗೊಣಗಿಕೊಂಡು ಬಂದರು. ಬಂದವರು ತಲೆಯ ಪಿನ್ನು ತೆಗೆದು ನಾಲ್ಕೂ ಟೈರಿನ ಗಾಳಿಯನ್ನು ಒಂದಷ್ಟು ಬಿಟ್ಟರು. ಭಾವ "ಗಾಳಿ..." ಎಂದು ಎದೆ ಹಿಡಿದುಕೊಂಡರು. "ಮೆತ್ತಗಾದ್ರೆ ಕಲ್ಲನ್ನ ಹಿಡ್ಕೊಳ್ಳುತ್ತೆ" ಎಂದರು ನರ್ಸಮ್ಮ. ಆಮೇಲೆ ಸೀಟನ್ನು ಮುಂದಕ್ಕೆ ಎಳೆದುಕೊಂಡು ಕೂತು, ಕ್ಲಚ್ಚು ಒತ್ತಿ, ಗೇರು ನ್ಯೂಟ್ರಲ್ಲಿಗೆ ತಂದು, ಗಿಡ್ಡ ಹಿಡಿಯನ್ನು ನಾಲ್ಕು ಚಕ್ರದ ಲೋ ಜಾಗಕ್ಕೆ ತಳ್ಳಿದರು. ಅದು ಕಟ್ ಎಂದಿತು. "ಲೋ ಅಂದ್ರೆ ವೇಗ ಕಮ್ಮಿ, ಬಲ ಜಾಸ್ತಿ" ಎಂದರು.

"ಇವಾಗ ಲಾಕರ್. ಚಕ್ರ ನಿಂತಿದೆ, ಇವಾಗ ಹಾಕಬಹುದು. ಕಷ್ಟ ಬರೋಕೆ ಮುಂಚೆ ಹಾಕಬೇಕು, ಸಿಕ್ಕಿಹಾಕ್ಕೊಂಡ ಮೇಲಲ್ಲ. ಲಾಕರ್ ಇಲ್ಲದೆ ಹೋದ್ರೆ ಎಂಜಿನ್ನಿನ ಬಲ ಎಲ್ಲ ಸುಲಭವಾಗಿ ತಿರುಗೋ ಚಕ್ರಕ್ಕೇ ಹೋಗುತ್ತೆ. ಗಾಳಿಯಲ್ಲಿರೋ ಸೋಮಾರಿ ತಿಂದುಹಾಕುತ್ತೆ. ಲಾಕರ್ ಹಾಕಿದ್ರೆ ಹಿಂದಿನ ಎರಡೂ ಒಟ್ಟಿಗೇ ತಿರುಗಬೇಕು, ನೆಲದ ಮೇಲಿರೋದು ದುಡಿಯುತ್ತೆ."

ಅವರು ಹಳದಿ ಗುಂಡಿಯ ಬಟ್ಟೆಯ ಟೋಪಿಯನ್ನು ಎರಡು ಬೆರಳಿನಲ್ಲಿ ಎತ್ತಿ, ಒಂದು ಕ್ಷಣ ಅದರ ಹೊಲಿಗೆಯನ್ನು ನೋಡಿ, ಭಾವನ ಅಂಗೈಗೆ ಹಾಕಿದರು. ಗುಂಡಿ ಒತ್ತಿದರು. ಒಂದು ಸಣ್ಣ ದೀಪ ಮಿಣುಕಿ, ಮಿಣುಕಿ, ಸ್ಥಿರವಾಯಿತು.

ಇನ್ನು ನಾನು ಹೇಳುವುದನ್ನು ನೀವು ನಂಬಬೇಕು. ಎಂಜಿನ್ನು ಅರಚಲಿಲ್ಲ. ಕೆಸರು ಹಾರಲಿಲ್ಲ. ಗಾಡಿ ಒಮ್ಮೆ ಮೈ ಬಿಗಿ ಹಿಡಿದು, ಆ ಕಾಲುವೆಯಿಂದ, ಅಜ್ಜಿಯೊಬ್ಬಳು ಮೊಣಕಾಲಿನ ಮೇಲೆ ಕೈಯೂರಿ ಏಳುವ ಹಾಗೆ, ನಿಧಾನವಾಗಿ ಎದ್ದು ಬಂತು. ಭಾವ ಮತ್ತು ನಾನು ಹೊರಗೆ ನಿಂತು ನೋಡುತ್ತಿದ್ದೆವು. ಗಾಳಿಯಲ್ಲಿದ್ದ ಚಕ್ರವೂ ನೆಲದ ಮೇಲಿದ್ದ ಚಕ್ರವೂ ಒಂದೇ ಲೆಕ್ಕದಲ್ಲಿ, ಅಷ್ಟಷ್ಟೇ, ಅಷ್ಟಷ್ಟೇ ತಿರುಗಿದವು. ನಾವು ನಡೆದುಕೊಂಡು ಹೋದರೂ ಅದನ್ನು ಹಿಂದೆ ಹಾಕಬಹುದಿತ್ತು. ಆದರೆ ಅದನ್ನು ಯಾರೂ ತಡೆಯಲಾರರು ಎನ್ನುವುದು ನನಗೆ ಖಚಿತವಾಯಿತು.

"ಇದು ನನ್ನ ಗಾಡಿಯೇನೋ?" ಎಂದು ಭಾವ ಪಿಸುಗುಟ್ಟಿದರು.

"ನಿಮ್ದೇ ಭಾವ."

"ನಾನು ಇದನ್ನ ನೋಡೇ ಇರಲಿಲ್ಲ ಕಣೋ."

ಕಾಲುವೆ ದಾಟಿದ ಮೇಲೆ ನರ್ಸಮ್ಮ ಲಾಕರ್ ತೆಗೆದರು. "ಹಾಗೇ ಬಿಟ್ರೆ ತಿರುವಲ್ಲಿ ಮಾತು ಕೇಳಲ್ಲ" ಎಂದರು. ನಾವು ಹತ್ತಿಕೊಂಡೆವು. ಮುಂದೆ ಏರು. ಏರೆಂದರೆ, ಮುಂದಿನ ಗಾಜಿನಲ್ಲಿ ದಾರಿ ಕಾಣದೆ ಬರೀ ಆಕಾಶ ಕಾಣುವಂಥದ್ದು. ನರ್ಸಮ್ಮ ಅದರ ಬುಡದಲ್ಲೇ ನಿಲ್ಲಿಸಿ ಲಾಕರ್ ಹಾಕಿ, ಮೊದಲನೆಯ ಗೇರಿನಲ್ಲಿ ಕಾಲನ್ನು ಹಗುರವಾಗಿ ಇಟ್ಟು, ಒಂದೊಂದೇ ಕಲ್ಲಿನ ಮೇಲೆ ಒಂದೊಂದೇ ಚಕ್ರ ಇಟ್ಟುಕೊಂಡು ಹೋದರು. ಎಲ್ಲೂ ಅವಸರವಿಲ್ಲ. ಕೆಳಗೆ ನಮ್ಮ ಊರು ಬೆರಳಿನಷ್ಟಾಗಿ, ಮೋಡ ನಮ್ಮ ಕಿಟಕಿಯ ಮಟ್ಟಕ್ಕೆ ಬಂತು. ಭಾವ ಪ್ಯಾಕೆಟ್ಟನ್ನು ಎದೆಗೆ ಅವುಚಿಕೊಂಡು ಕೂತಿದ್ದರು. ಅವರ ಬಾಯಿ ತೆರೆದೇ ಇತ್ತು. ಇಪ್ಪತ್ತು ನಿಮಿಷ ನಮ್ಮ ಭಾವ ಮಾತಾಡದೆ ಕೂತದ್ದು ಅದೇ ಮೊದಲು. ಆ ಗಿಡ್ಡ ಹೆಂಗಸು ಆರೋಗ್ಯ ಕೇಂದ್ರದ ಗಾಡಿಯನ್ನು ತಾನೇ ಓಡಿಸಿಕೊಂಡು ವಾರಕ್ಕೊಮ್ಮೆ ಒಬ್ಬಳೇ ಈ ದಾರಿ ಹತ್ತುತ್ತಾಳೆ, ಯಾರೂ ಕಾಂಪೌಂಡಿಗೆ ಒರಗಿ ನೋಡುವುದಿಲ್ಲ ಎಂದು ನೆನೆದು ನನಗೆ ನಾಚಿಕೆಯಾಯಿತು.

ಹತ್ತಕ್ಕೆ ಏಳು ನಿಮಿಷವಿದ್ದಾಗ ಶಾಲೆಯ ಮುಂದೆ ನಿಂತೆವು. ಹೆಡ್‌ಮೇಡಂ ಓಡಿ ಬಂದರು. ಅವರ ಹಿಂದೆ ಹನ್ನೊಂದು ಮಕ್ಕಳು, ಕೈಯಲ್ಲಿ ಪೆನ್ನು ಹಿಡಿದೇ, ಬಾಗಿಲಲ್ಲಿ ಒತ್ತೊತ್ತಾಗಿ ನಿಂತಿದ್ದರು.

"ಫೋರ್‌ವೀಲ್ ಸಾಹೇಬ್ರು ಅಂದ್ರೆ ನೀವೇ ಅಲ್ವಾ!" ಎಂದು ಹೆಡ್‌ಮೇಡಂ ಭಾವನಿಗೆ ಕೈ ಮುಗಿದರು. "ಬೆಟ್ಟದ ಅಂಚಿನಿಂದ ನೋಡ್ತಾನೇ ಇದ್ವಿ. ಈ ದಾರೀಲಿ ಅಷ್ಟು ನಾಜೂಕಾಗಿ ಬರೋದನ್ನ ನಾನು ಕಂಡೇ ಇಲ್ಲ."

ಭಾವ ಪ್ಯಾಕೆಟ್ಟು ಕೊಟ್ಟರು. "ಓಡಿಸಿದ್ದು ಅವರು ಮೇಡಂ. ನಾನು ಪ್ಯಾಕೆಟ್ ಹಿಡ್ಕೊಂಡಿದ್ದೆ, ಅಷ್ಟೇ."

"ಎಂಥಾ ವಿನಯ ನೋಡಿ!" ಎಂದು ಹೆಡ್‌ಮೇಡಂ ಮಕ್ಕಳ ಕಡೆ ತಿರುಗಿದರು. "ದೊಡ್ಡವರು ಯಾವತ್ತೂ ನಾನು ಮಾಡಿದೆ ಅನ್ನಲ್ಲ."

"ಇಲ್ಲ ಮೇಡಂ, ನಿಜವಾಗ್ಲೂ ನನಗೆ ಬರಲ್ಲ. ನಾನು ಗುಂಡೀಲಿ ಸಿಕ್ಕಿಹಾಕ್ಕೊಂಡಿದ್ದೆ. ನಾನು ಒಂದು ಬೆಟ್ಟಾನೂ ಹತ್ತಿಲ್ಲ!"

ಮಕ್ಕಳು ಚಪ್ಪಾಳೆ ತಟ್ಟಿದರು. ಮೂರು ತಿಂಗಳು ಕಣ್ಣು ಮುಚ್ಚಿಕೊಂಡು ಗಳಿಸಿದ ಕೀರ್ತಿಯನ್ನು ಬಾಯಿ ಬಿಟ್ಟು ಕಳೆದುಕೊಳ್ಳಲು ಹೊರಟರೆ ಅದೂ ಆಗಲಿಲ್ಲ. ಭಾವ ಅಳುವಂತಾಗಿ ನರ್ಸಮ್ಮನ ಕಡೆ ನೋಡಿದರು. ನರ್ಸಮ್ಮ ಆಗಲೇ ಲಸಿಕೆಯ ಡಬ್ಬ ಎತ್ತಿಕೊಂಡು ಊರೊಳಗೆ ನಡೆದಿದ್ದರು. ಗಂಟೆ ಬಾರಿಸಿತು. ಚಪ್ಪಾಳೆ ನಿಂತಿತು. ಹನ್ನೊಂದು ತಲೆಗಳು ಕಾಗದದ ಮೇಲೆ ಬಾಗಿದವು. ಪೆನ್ನುಗಳು ಚರಚರ ಓಡುವ ಸದ್ದು ಅಂಗಳದವರೆಗೂ ಕೇಳಿಸಿತು. ಭಾವ ಕಿಟಕಿಯಿಂದ ಹತ್ತು ಮಾರು ದೂರದಲ್ಲಿ, ಚಪ್ಪಲಿ ಕಳಚಿ, ಸುಮ್ಮನೆ ನಿಂತು ಅದನ್ನು ಕೇಳಿದರು. ಪ್ರಶ್ನೆಪತ್ರಿಕೆಯ ಪ್ಯಾಕೆಟ್ಟುಗಳನ್ನು ಅವರು ಇಪ್ಪತ್ತೆರಡು ವರ್ಷ ಎಣಿಸಿ ಕಳಿಸಿದ್ದರು; ಒಂದು ಪ್ಯಾಕೆಟ್ಟು ಒಡೆದ ಮೇಲೆ ಏನಾಗುತ್ತದೆ ಎನ್ನುವುದನ್ನು ನೋಡಿರಲಿಲ್ಲ.

ಮಕ್ಕಳಿಗೆ ತೊಂದರೆಯಾಗುತ್ತದೆಂದು ಪರೀಕ್ಷೆ ಮುಗಿಯುವವರೆಗೆ ಗಾಡಿ ಸ್ಟಾರ್ಟ್ ಮಾಡುವ ಹಾಗಿರಲಿಲ್ಲ. ಎರಡೂವರೆ ತಾಸಿನ ನಂತರ ನರ್ಸಮ್ಮ ಕೆಲಸ ಮುಗಿಸಿ ಬಂದು ಮರದ ಕೆಳಗೆ ಕೂತರು. ಭಾವ ಅವರೆದುರು ಕುಕ್ಕರಗಾಲಿನಲ್ಲಿ ಕೂತು, "ಅಮ್ಮ, ಇಳಿಯುವಾಗ ನಾನೇ ಓಡಿಸಬೇಕು. ಹೇಳಿಕೊಡಿ" ಎಂದರು. ಅವರಿಗಿಂತ ಮೂರು ನಾಲ್ಕು ವರ್ಷಕ್ಕಷ್ಟೇ ದೊಡ್ಡವರಾದ ನರ್ಸಮ್ಮ ಆ "ಅಮ್ಮ"ನನ್ನು ಹೊಟ್ಟೆಗೆ ಹಾಕಿಕೊಂಡು, ಒಂದು ಕಡ್ಡಿಯಿಂದ ನೆಲದ ಮೇಲೆ ನಾಲ್ಕು ಚಕ್ರ ಬರೆದರು.

"ಒಣಗಿದ ಟಾರಿಗೆ?"

"ಎರಡು."

"ಸಡಿಲ ಮಣ್ಣು, ಮರಳು, ಚೂರು ವೇಗ ಬೇಕು?"

"ನಾಲ್ಕು."

"ಕಲ್ಲು, ಕಡಿದಾದ ಏರು?"

"ನಾಲ್ಕರ ಲೋ. ನಿಂತು, ನ್ಯೂಟ್ರಲ್ ಮಾಡಿ ಹಾಕಬೇಕು."

"ಲಾಕರ್ ಯಾವಾಗ?"

"ಚಕ್ರ ಮೇಲೇಳೋ ಜಾಗ ಕಂಡ ತಕ್ಷಣ. ಸಿಕ್ಕಿಹಾಕ್ಕೊಂಡ ಮೇಲಲ್ಲ. ದಾಟಿದ ಮೇಲೆ ತೆಗೀಬೇಕು."

"ಕಡಿದಾದ ಇಳಿಜಾರು. ಕಾಲು ಎಲ್ಲಿರಬೇಕು?"

"ಬ್ರೇಕಿನ ಮೇಲೆ."

"ತಪ್ಪು" ಎಂದರು ನರ್ಸಮ್ಮ, ಅದೇ ಅಲುಗದ ಮುಖದಲ್ಲಿ. "ಬ್ರೇಕೇ ಒತ್ತಿಕೊಂಡಿದ್ರೆ ಕೆಸರಲ್ಲಿ ಚಕ್ರ ನಿಂತು ಗಾಡಿ ಜಾರುತ್ತೆ. ಯೋಚನೆ ಮಾಡಿ. ನಿಮ್ಮನ್ನ ಹಿಡಿದಿಡೋದು ಯಾರು?"

ಭಾವ ಯೋಚಿಸಿದರು. ಹಣೆಯ ಮೇಲೆ ಬೆವರು ಬಂತು. ನೆಲದ ಮೇಲಿನ ಚಕ್ರಗಳನ್ನು ನೋಡಿದರು, ಗಾಡಿಯನ್ನು ನೋಡಿದರು, ಆಕಾಶವನ್ನು ನೋಡಿದರು. ಹಿಡಿದಿಡುವುದು ಸಣ್ಣ ಗೇರಿನಲ್ಲಿರುವ ಎಂಜಿನ್ನು ಎಂದು ನನಗೆ ಹೊಳೆದು ಬಾಯಿ ತೆರೆದೆ. ನಕಲು ಮಾಡಿಸಬೇಡ ಎಂಬಂತೆ ನರ್ಸಮ್ಮ ಕಡ್ಡಿ ತೋರಿಸಿದರು. ಅಷ್ಟರಲ್ಲಿ ಗಂಟೆ ಬಾರಿಸಿತು. ಮಕ್ಕಳು ನಗುತ್ತ ಹೊರಗೆ ಬಂದರು. ಹೆಡ್‌ಮೇಡಂ ಉತ್ತರಪತ್ರಿಕೆಗಳ ಕಟ್ಟಿಗೆ ಸೀಲು ಹಾಕಿ ಹಿಡಿದುಕೊಂಡು ಬಂದು, "ಮುಗೀತು ಸಾಹೇಬ್ರೇ, ಹನ್ನೊಂದೂ ಇದೆ. ಹೊರಡಬಹುದು" ಎಂದರು.

ಭಾವ ತಲೆಯೆತ್ತಲಿಲ್ಲ.

"ಹತ್ತು ನಿಮಿಷ ಕೊಡಿ ಮೇಡಂ," ಎಂದರು. "ನಂದು ಇನ್ನೂ ಮುಗಿದಿಲ್ಲ."